ಮೊದಲು ಕಂಡದ್ದನ್ನು ಹೇಳಿ

ತುಮಕೂರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳಿವು. ಮೊಬೈಲು, ಟ್ಯಾಬುಗಳಲ್ಲಿ ಪ್ರಕೃತಿ ಚಿತ್ರ ಬರೆಯುವುದನ್ನು ಹೊಸದಾಗಿ ಕಲಿಯುತ್ತಿರುವವರು ಮತ್ತು ಅವರ ಮನೆಯವರು ಸೇರಿದ್ದರು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಮೊಟಕು ಮಾಡಿದ್ದೇನೆ. ಕೊನೆಗೆ ನಡೆದ ಮಾತುಕತೆಯನ್ನು ನೆನಪಿನಿಂದ ಬರೆದು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಬಾಗಿಲ ಹತ್ತಿರ ನಿಂತಿರುವವರು ಒಳಗೆ ಬನ್ನಿ, ಮುಂದೆ ಎರಡು ಸಾಲು ಖಾಲಿ ಇದೆ.

ನೀವು ಬರೆದ ಚಿತ್ರವನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಏನು ಬರುತ್ತದೆ? 'ಸೂಪರ್' ಅಂತ ಬರುತ್ತದೆ. ಅದರ ಹಿಂದೆ ಎರಡು ಚಪ್ಪಾಳೆ, ಒಂದು ಗುಲಾಬಿ. ಚಿಕ್ಕಮ್ಮ 'ದೃಷ್ಟಿ ತೆಗೀಬೇಕು' ಅನ್ನುತ್ತಾರೆ. ಅದೆಲ್ಲ ಪ್ರೀತಿ. ಅದು ಬೇಡ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಹೊಸದಾಗಿ ಕಲಿಯುವವರಿಗೆ ಅದೂ ಬೇಕು. ಆದರೆ ಮಾರನೇ ದಿನ ಟ್ಯಾಬ್ ತೆಗೆದು ಕೂತಾಗ ಆ 'ಸೂಪರ್' ಇಟ್ಟುಕೊಂಡು ಏನು ಮಾಡುವುದು? ಯಾವ ಗೆರೆ ಉಳಿಸಿಕೊಳ್ಳಲಿ, ಯಾವ ಬಣ್ಣ ಬದಲಿಸಲಿ? ಅದು ಹೇಳುವುದಿಲ್ಲ.

'ಚೆನ್ನಾಗಿಲ್ಲ' ಅನ್ನುವುದೂ ಅಷ್ಟೇ. ಅದೂ ಏನೂ ಹೇಳುವುದಿಲ್ಲ. ಜೊತೆಗೆ ಗಾಯ ಮಾಡುತ್ತದೆ.

ನಾನು ಚಿತ್ರಕಲೆ ಕಲಿಯುತ್ತಿದ್ದ ದಿನಗಳದೊಂದು ಸಂಗತಿ ಹೇಳುತ್ತೇನೆ. ಯುಗಾದಿಯ ಹೊತ್ತು. ಹೊಂಗೆ ಮರಕ್ಕೆ ಹೊಸ ಎಲೆ ಬಂದು ಮರವೆಲ್ಲ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ನಾಲ್ಕು ದಿನ ಬೆಳಿಗ್ಗೆ ಅದರ ಎದುರು ಕೂತು ಒಂದು ಚಿತ್ರ ಮಾಡಿ ತರಗತಿಗೆ ಒಯ್ದೆ. ಹೇಳಿಕೊಡುವವರು ಅದನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು, 'ಇದೇನಪ್ಪ, ಪಾಚಿ ಕಟ್ಟಿದ ಗೋಡೆನಾ?' ಅಂದರು. ತರಗತಿ ನಕ್ಕಿತು. ಅದಾದ ಮೇಲೆ ಎರಡು ವರ್ಷ ನಾನು ಹಸಿರು ಬಣ್ಣ ಮುಟ್ಟಲಿಲ್ಲ. ಕಲ್ಲು ಬರೆದೆ, ಹಳೇ ಮನೆ ಬರೆದೆ, ಮರ ಮಾತ್ರ ಬರೆಯಲಿಲ್ಲ.

ಆ ಚಿತ್ರ ಇವತ್ತಿಗೂ ನನ್ನ ಹತ್ತಿರ ಇದೆ. ತೆಗೆದು ನೋಡಿದರೆ ಅವರಿಗೆ ಕಂಡದ್ದು ಸುಳ್ಳೇನೂ ಅಲ್ಲ. ಎಲೆಗಳ ಗುಂಪಿನಲ್ಲಿ ಬಿಸಿಲಿನ ಕಡೆ, ನೆರಳಿನ ಕಡೆ ಅಂತ ಬೇರೆ ಬೇರೆ ಇಲ್ಲ. ಮೇಲಿಂದ ಕೆಳಗಿನವರೆಗೂ ಒಂದೇ ಹಸಿರು. ಹಾಗಾಗಿ ಮರ ಚಪ್ಪಟೆಯಾಗಿ ಗೋಡೆಯ ಹಾಗೇ ಕಾಣುತ್ತದೆ. 'ಬಿಸಿಲು ಯಾವ ಕಡೆಯಿಂದ ಬೀಳ್ತಿತ್ತು?' ಅಂತ ಅವರು ಕೇಳಿದ್ದರೆ ಸಾಕಿತ್ತು. ಅವತ್ತೇ ಸಂಜೆ ಸರಿ ಮಾಡುತ್ತಿದ್ದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ. ನನ್ನ ಪಾಲಿಗೆ ಆ ನಿಮಿಷಕ್ಕೆ ಎರಡು ವರ್ಷ ಹೋಯಿತು.

ಇದು ನನ್ನೊಬ್ಬನ ಅನುಭವ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು. 1996ರಲ್ಲಿ ಕ್ಲೂಗರ್ ಮತ್ತು ಡೆನಿಸಿ ಎಂಬ ಇಬ್ಬರು ಸಂಶೋಧಕರು, ಫೀಡ್‌ಬ್ಯಾಕ್ ಬಗ್ಗೆ ಅಲ್ಲಿಯವರೆಗೆ ನಡೆದ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ಹಾಕಿ ಲೆಕ್ಕ ತೆಗೆದರು. ಸರಾಸರಿ ನೋಡಿದರೆ ಉಪಯೋಗವೇ ಆಗಿತ್ತು. ಆದರೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಕಡೆ, ಫೀಡ್‌ಬ್ಯಾಕ್ ಕೊಟ್ಟ ಮೇಲೆ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಮಾತು ಕೆಲಸವನ್ನು ಬಿಟ್ಟು ಆ ಮನುಷ್ಯನ ಕಡೆ ತಿರುಗಿದಷ್ಟೂ ಪ್ರಯೋಜನ ಕಡಿಮೆ ಅಂತ ಅವರು ವಿವರಿಸಿದರು. ಹೊಗಳಿಕೆಗೂ ಇದೇ ಲೆಕ್ಕ. 'ನಿನ್ನ ಕೈಯಲ್ಲಿ ಸರಸ್ವತಿ ಇದ್ದಾಳೆ' ಅಂದರೆ ಆ ಹುಡುಗ ಮುಂದಿನ ಚಿತ್ರ ತೋರಿಸಲು ಹೆದರುತ್ತಾನೆ. ಸರಸ್ವತಿ ಎದ್ದು ಹೋದಳು ಅಂತ ಜನ ಅಂದುಬಿಟ್ಟರೆ?

ಹಾಗಾದರೆ ಏನು ಹೇಳಬೇಕು? ನಾನು ಇವತ್ತು ಹೇಳಲು ಬಂದಿರುವುದು ಒಂದೇ ಮಾತು. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವ ಮೊದಲು ನಿಮಗೆ ಏನು ಕಂಡಿತು ಅದನ್ನು ಹೇಳಿ. ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ ಹೋಯಿತು, ಎಲ್ಲಿ ತಡವರಿಸಿತು, ಎಲ್ಲಿಗೆ ಹೋಗಲೇ ಇಲ್ಲ. ಅಷ್ಟು ಹೇಳುವುದಕ್ಕೆ ನೀವು ಚಿತ್ರಕಾರರೇ ಆಗಬೇಕಿಲ್ಲ.

ಒಂದು ಚಿತ್ರದ ಕಥೆಯನ್ನು ವಿವರವಾಗಿ ಹೇಳುತ್ತೇನೆ. ಅದನ್ನು ಬರೆದವಳ ಒಪ್ಪಿಗೆ ಕೇಳಿಕೊಂಡೇ ಬಂದಿದ್ದೇನೆ.

ಹೋದ ವರ್ಷ ಊರ್ಡಿಗೆರೆ ಕಡೆಯ ಹಳ್ಳಿಯಿಂದ ಬಿ.ಕಾಂ ಓದುವ ಹುಡುಗಿಯೊಬ್ಬಳು ಚಿತ್ರ ಬರೆಯುವವರ ನಮ್ಮ ಕೂಟಕ್ಕೆ ಬಂದಳು. ಅಣ್ಣನ ಹಳೇ ಟ್ಯಾಬು. ಅದರಲ್ಲಿ ಐಬಿಸ್‌ಪೇಂಟ್ ಅನ್ನುವ ಚಿತ್ರ ಬರೆಯುವ ಆ್ಯಪ್. ಒತ್ತಿದರೂ ತೇಲಿಸಿದರೂ ಒಂದೇ ದಪ್ಪ ಗೆರೆ ಬರುವ ಅಗ್ಗದ ಸ್ಟೈಲಸ್. ಅವಳ ಮೊದಲ ದೊಡ್ಡ ಚಿತ್ರ ಅವಳೂರಿನ ಕೆರೆ. ಬೆಳಿಗ್ಗೆ ಏಳು ಗಂಟೆಯ ಹೊತ್ತು. ಏರಿ ಮೇಲೆ ನಿಂತು ನೋಡಿದ ಹಾಗೆ. ಬಲಗಡೆ ಹತ್ತಿರದಲ್ಲೇ ಒಂದು ತೆಂಗಿನ ಮರ. ಆಚೆ ದಡದಲ್ಲಿ ತೆಂಗಿನ ಸಾಲು. ಅದರ ಹಿಂದೆ ದೇವರಾಯನದುರ್ಗದ ಬೆಟ್ಟ.

ತೋರಿಸಿ, 'ಹೆಂಗಿದೆ ಸರ್?' ಅಂದಳು.

'ನನಗೆ ಕಂಡಿದ್ದನ್ನ ಕಂಡ ಹಾಗೆ ಹೇಳ್ತೀನಮ್ಮ. ಮೊದಲು ನನ್ನ ಕಣ್ಣು ಈ ಹತ್ತಿರದ ಮರಕ್ಕೆ ಹೋಯ್ತು. ಇಲ್ಲೊಂದು ಗರಿ ಮುರಿದು ನೇತಾಡ್ತಿದೆ, ಅದನ್ನೇ ನೋಡ್ತಾ ನಿಂತೆ. ಅಲ್ಲಿಂದ ನೀರಿಗೆ ಇಳಿದೆ. ನೀರಲ್ಲೇ ಓಡಾಡಿದೆ. ಬೆಟ್ಟ ಇದೆ ಅಂತ ಗೊತ್ತಾಗಿದ್ದು ಕೊನೆಗೆ.'

ಗರಿಯ ಮಾತು ಕೇಳಿ ಅವಳ ಮುಖ ಅರಳಿತು. 'ಅದು ನಮ್ಮನೆ ಮರ ಸರ್. ಆ ಗರಿ ನಿಜವಾಗ್ಲೂ ಹಂಗೇ ಜೋತು ಬಿದ್ದಿದೆ.' ಒಂದು ಗಳಿಗೆ ಬಿಟ್ಟು, 'ಆದ್ರೆ ನಾನು ಬರೆದಿದ್ದು ಬೆಟ್ಟಕ್ಕೋಸ್ಕರ' ಅಂದಳು.

ಸ್ನೇಹಿತರೇ, ಅಲ್ಲಿ ಕೆಲಸ ಶುರುವಾಯಿತು. ಅವಳು ತೋರಿಸಬೇಕು ಅಂದುಕೊಂಡದ್ದು ಬೆಟ್ಟ, ನನಗೆ ಕಂಡದ್ದು ನೀರು. ಯಾಕೆ ಹೀಗಾಯಿತು ಅಂತ ಇಬ್ಬರೂ ಸೇರಿ ಹುಡುಕಬಹುದು. ನಾನು ನ್ಯಾಯಾಧೀಶ, ಅವಳು ಆರೋಪಿ ಅನ್ನುವ ಹಾಗೆ ಇರಲಿಲ್ಲ.

ಮೊದಲು ಬೆಟ್ಟ. ಅವಳು ಬೆಟ್ಟಕ್ಕೆ ಕಡು ಹಸಿರು, ಕಂದು ಬಣ್ಣ ಹಾಕಿದ್ದಳು. ಬಂಡೆ, ಕುರುಚಲು, ಎಲ್ಲವನ್ನೂ ಬಿಡಿಬಿಡಿಯಾಗಿ ಬರೆದಿದ್ದಳು. ಬೆಟ್ಟ ಹತ್ತಿ ನೋಡಿದವಳು, ಅಲ್ಲಿ ಏನಿದೆ ಅಂತ ಅವಳಿಗೆ ಗೊತ್ತು. ಹೊಸದಾಗಿ ಕಲಿಯುವ ಎಲ್ಲರೂ ಮಾಡುವ ಕೆಲಸ ಇದು. ಕಂಡದ್ದನ್ನು ಬಿಟ್ಟು ಗೊತ್ತಿರುವುದನ್ನು ಬರೆಯುತ್ತೇವೆ. ದೂರದ ಬೆಟ್ಟ ನುಣ್ಣಗೆ ಅಂತ ನಮ್ಮ ಹಿರಿಯರು ಗಾದೆ ಮಾಡಿಟ್ಟಿದ್ದಾರೆ. ಬೇರೆ ಅರ್ಥಕ್ಕೆ ಬಳಸುತ್ತೇವೆ, ನಿಜ. ಆದರೆ ಚಿತ್ರ ಬರೆಯುವವರಿಗೆ ಅದು ಅಕ್ಷರಶಃ ಪಾಠ. ನಮಗೂ ಬೆಟ್ಟಕ್ಕೂ ನಡುವೆ ಅಷ್ಟು ದೂರ ಗಾಳಿ ಇದೆ. ಆ ಗಾಳಿ ಬೆಳಕನ್ನು ಚದುರಿಸುತ್ತದೆ, ಅದರಲ್ಲೂ ನೀಲಿಯನ್ನು ಜಾಸ್ತಿ. ಹಾಗಾಗಿ ದೂರದ ಕಪ್ಪು ನೆರಳು ಕಪ್ಪಾಗಿ ಉಳಿಯುವುದಿಲ್ಲ. ತೆಳು ನೀಲಿ ಪರದೆ ಎಳೆದ ಹಾಗೆ ಆಗುತ್ತದೆ. ಬಂಡೆಯ ಬಿರುಕು, ಗಿಡದ ಎಲೆ ಯಾವುದೂ ಉಳಿಯುವುದಿಲ್ಲ. ಮೈಸೂರಿನ ಆಸ್ಥಾನ ಕಂಡ ಚಿತ್ರಕಾರ ಕೆ. ವೆಂಕಟಪ್ಪನವರು ಊಟಿಯ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದಿದ್ದಾರೆ. ಅವಕಾಶ ಸಿಕ್ಕಾಗ ಆ ಚಿತ್ರಗಳಲ್ಲಿ ದೂರವನ್ನು ಹೇಗೆ ತಂದಿದ್ದಾರೆ ಅಂತ ನಿಂತು ನೋಡಿ.

ಇಷ್ಟನ್ನೂ ನಾನು ಅವಳಿಗೆ ಭಾಷಣ ಮಾಡಲಿಲ್ಲ. ಆ್ಯಪಿನಲ್ಲಿ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳ ಹಾಗೆ ಚಿತ್ರ ಬರೆಯಬಹುದು, ಅವೇ ಲೇಯರ್. ಒಂದು ಹಾಳೆ ಕೆಳಗಿನದರ ಜೊತೆ ಬೆರೆಯುವ ರೀತಿಗೆ ಮೋಡ್ ಅಂತಾರೆ. 'ಎಲ್ಲದರ ಮೇಲೆ ಒಂದು ಹೊಸ ಲೇಯರ್ ತೆಗಿ. ಪೂರ್ತಿ ಕಪ್ಪು ತುಂಬು. ಆ ಲೇಯರಿನ ಮೋಡ್ ಅನ್ನು ಕಲರ್ ಅಂತ ಬದಲಾಯಿಸು' ಅಂದೆ. ಹಾಗೆ ಮಾಡಿದರೆ ಚಿತ್ರದ ಬಣ್ಣ ಹೋಗಿ ಬರೀ ಬೂದು ಉಳಿಯುತ್ತದೆ. ಎಲ್ಲಿ ಕಪ್ಪು, ಎಲ್ಲಿ ಬಿಳುಪು ಅಷ್ಟೇ ಕಾಣುತ್ತದೆ. ಹತ್ತಿರದ ಮರ ಯಾವ ಬೂದು ಬಣ್ಣವೋ ಬೆಟ್ಟವೂ ಅದೇ ಬೂದು. 'ಅಯ್ಯೋ, ಎರಡೂ ಒಂದೇ ಆಗೋಗಿದೆ' ಅಂದಳು. ನಾನು ಏನೂ ಹೇಳಬೇಕಾಗಲಿಲ್ಲ. ಬೆಟ್ಟದ ಲೇಯರಿನ ಮೇಲೆ ತಿಳಿ ನೀಲಿ ಎಳೆದು, ಅದರ ಒಪಾಸಿಟಿಯನ್ನು, ಅಂದರೆ ಆ ಬಣ್ಣ ಕೆಳಗಿನದನ್ನು ಎಷ್ಟು ಮರೆ ಮಾಡಬೇಕು ಅನ್ನುವುದನ್ನು, ಹೆಚ್ಚು ಕಡಿಮೆ ಮಾಡುತ್ತಾ ಅವಳೇ ನಿಲ್ಲಿಸಿದಳು.

ಇನ್ನು ನೀರು. ಅಲ್ಲಿ ಅವಳು ತುಂಬ ಜನ ಮಾಡುವ ಹಾಗೇ ಮಾಡಿದ್ದಳು. ದಡ, ಮರ, ಬೆಟ್ಟ ಎಲ್ಲವನ್ನೂ ಕಾಪಿ ಮಾಡಿ, ತಲೆಕೆಳಗು ಮಾಡಿ ನೀರಿನ ಜಾಗದಲ್ಲಿ ಅಂಟಿಸಿದ್ದಳು. ಮೇಲೆ ಎಷ್ಟು ಚೂಪಾಗಿದೆಯೋ ಕೆಳಗೂ ಅಷ್ಟೇ ಚೂಪು. ಅದಕ್ಕೇ ನನ್ನ ಕಣ್ಣು ನೀರಿನಲ್ಲಿ ಸಿಕ್ಕಿಕೊಂಡಿತ್ತು. ಇಲ್ಲಿ ತಪ್ಪೇನು ಅಂತ ನಾನೇ ಹೇಳಬಹುದಿತ್ತು, ಹೇಳಲಿಲ್ಲ. 'ನಾಳೆ ಬೆಳಿಗ್ಗೆ ಏರಿ ಮೇಲೆ ಹೋಗಿ ನಿಂತ್ಕೋ. ಕೈ ಉದ್ದ ಚಾಚಿ ಬೆರಳಲ್ಲಿ ಅಳೆ. ಮೇಲೆ ಮರದ ಸಾಲಿಗಿಂತ ಬೆಟ್ಟ ಎಷ್ಟು ಎತ್ತರ ಇದೆ, ನೀರಲ್ಲಿ ಎಷ್ಟಿದೆ, ನೋಡ್ಕೊಂಡು ಬಾ' ಅಂದೆ.

ಮುಂದಿನ ಭಾನುವಾರ ಓಡಿಕೊಂಡು ಬಂದಳು. 'ಸರ್, ನೀರಲ್ಲಿ ಬೆಟ್ಟನೇ ಇಲ್ಲ! ಆಚೆ ದಡದ ತೆಂಗಿನ ಮರಗಳೇ ಉದ್ದುದ್ದ ಬಿದ್ದಿವೆ. ಬೆಟ್ಟ ಅವುಗಳ ಹಿಂದೆ ಮುಚ್ಚಿ ಹೋಗಿದೆ.'

ಹುಟ್ಟಿದಾಗಿನಿಂದ ನೋಡಿದ ಕೆರೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅದು ಅವಳಿಗೆ ಕಂಡಿತ್ತು. ಕಾರಣ ಇಷ್ಟು. ನೀರಿನಲ್ಲಿ ಕಾಣುವ ಬಿಂಬ, ನಾವು ನಿಂತ ಜಾಗದಿಂದ ಕಂಡ ನೋಟದ ಕಾಪಿ ಆಗಿರುವುದಿಲ್ಲ. ನಮ್ಮ ಕಣ್ಣು ನೀರಿನ ಮಟ್ಟದಿಂದ ಎಷ್ಟು ಮೇಲಿದೆಯೋ, ಅಷ್ಟೇ ಆಳದಲ್ಲಿ ಇನ್ನೊಂದು ಕಣ್ಣು ಇಟ್ಟು ನೋಡಿದರೆ ಹೇಗೆ ಕಾಣುತ್ತದೋ ಹಾಗೆ ಅದು. ತಗ್ಗಿನಿಂದ ನೋಡಿದಾಗ ಹತ್ತಿರದ ವಸ್ತು ಎತ್ತರಕ್ಕೆ ಎದ್ದು ದೂರದ್ದನ್ನು ಮರೆ ಮಾಡುತ್ತದೆ. ಏರಿ ಎತ್ತರ ಇದ್ದಷ್ಟೂ ಈ ವ್ಯತ್ಯಾಸ ಜಾಸ್ತಿ. ಮತ್ತೆ ಅವಳೇ ಇನ್ನೂ ಎರಡು ಸಂಗತಿ ಗಮನಿಸಿ ಬಂದಿದ್ದಳು. ನೀರಿನಲ್ಲಿ ಆಕಾಶ ಸ್ವಲ್ಪ ಕಪ್ಪಾಗಿರುತ್ತದೆ. ಸಣ್ಣ ಗಾಳಿ ಬಂದರೂ ಬಿಂಬ ಅಡ್ಡಕ್ಕಿಂತ ಉದ್ದಕ್ಕೆ ಜಾಸ್ತಿ ಎಳೆದುಕೊಳ್ಳುತ್ತದೆ.

ಇದನ್ನೆಲ್ಲ ನಾನೇ ಬಾಯಲ್ಲಿ ಹೇಳಿದ್ದರೆ ಆ ಒಂದು ಚಿತ್ರ ಸರಿಯಾಗುತ್ತಿತ್ತು. ಈಗ ಅವಳು ಯಾವ ನೀರು ಬರೆದರೂ ಮೊದಲು ಹೋಗಿ ನೋಡಿ ಬರುತ್ತಾಳೆ. ಪ್ರಕೃತಿ ಚಿತ್ರದಲ್ಲಿ ನಮಗೊಂದು ಅನುಕೂಲ ಇದೆ. ಬರೆದವರು, ನೋಡುವವರು, ಇಬ್ಬರಲ್ಲದೆ ಮೂರನೆಯವರು ಒಬ್ಬರು ಇರುತ್ತಾರೆ. ಆ ಕೆರೆ, ಆ ಮರ, ಆ ಬೆಟ್ಟ. ನಮ್ಮಿಬ್ಬರ ಮಾತು ಕೂಡದೇ ಹೋದರೆ ಅವರ ಹತ್ತಿರ ಹೋಗಿ ಕೇಳಬಹುದು. ಅವರು ಯಾರ ಪರವೂ ಇಲ್ಲ.

ಆ ಚಿತ್ರದ ಬಗ್ಗೆ ಇನ್ನೊಂದು ಮಾತು ಬಾಕಿ ಇದೆ. ಕೂಟದಲ್ಲಿ ಒಬ್ಬರು, 'ಯಾಕೋ ಎಲ್ಲ ನೀಲಿ ನೀಲಿ ಹೊಡೀತಿದೆ, ನಿನಗೆ ಬಣ್ಣದ ಅಂದಾಜಿಲ್ಲ' ಅಂದುಬಿಟ್ಟರು. ಹುಡುಗಿ ತಲೆ ತಗ್ಗಿಸಿದಳು. ನಿಜ, ಚಿತ್ರ ನೀಲಿ ಹೊಡೆಯುತ್ತಿತ್ತು. 'ಯಾವ ಹೊತ್ತಲ್ಲಿ ಬರೆದೆ?' ಅಂತ ಕೇಳಿದೆ. ರಾತ್ರಿ, ಎಲ್ಲರೂ ಮಲಗಿದ ಮೇಲೆ. ಟ್ಯಾಬ್ ತೆಗೆದು ನೋಡಿದರೆ ರಾತ್ರಿ ಹೊತ್ತು ಕಣ್ಣಿಗೆ ಹಿತವಾಗಲಿ ಅಂತ ಪರದೆಯನ್ನು ಹಳದಿ ಮಾಡುವ ಸೆಟ್ಟಿಂಗ್ ಇರುತ್ತದಲ್ಲ, ಅದು ಆನ್ ಆಗಿತ್ತು. ಪರದೆ ಹಳದಿ ಇದ್ದದ್ದರಿಂದ, ಸರಿ ಕಾಣಲಿ ಅಂತ ಅವಳು ನೀಲಿ ಸೇರಿಸುತ್ತಾ ಹೋಗಿದ್ದಾಳೆ. ಅವಳ ಕಣ್ಣು ಸರಿಯಾಗೇ ಇತ್ತು. ಆಫ್ ಮಾಡಿದೆವು, ಅಷ್ಟೇ. ಕಾಗದದ ಮೇಲೆ ಬರೆದರೆ ಇಬ್ಬರಿಗೂ ಕಾಣುವುದು ಒಂದೇ ಕಾಗದ. ಪರದೆಯ ಚಿತ್ರ ಹಾಗಲ್ಲ. ನಿಮ್ಮ ಫೋನಿನಲ್ಲಿ ಗಾಢವಾಗಿ ಕಂಡದ್ದು ಇನ್ನೊಬ್ಬರ ಫೋನಿನಲ್ಲಿ ಸಪ್ಪೆ ಇರಬಹುದು. ಹಾಗಾಗಿ ಬಣ್ಣದ ಬಗ್ಗೆ ಬಾಯಿ ತೆರೆಯುವ ಮೊದಲು ಅವರದೇ ಪರದೆಯಲ್ಲಿ ಒಮ್ಮೆ ನೋಡಿ.

ಇನ್ನೊಬ್ಬರ ಚಿತ್ರದ ಮೇಲೆ ತಿದ್ದುವ ಅಭ್ಯಾಸದ ಬಗ್ಗೆಯೂ ಹೇಳಬೇಕು. ಡಿಜಿಟಲ್‌ನಲ್ಲಿ ಇದು ಬಹಳ ಸುಲಭ, ಅದಕ್ಕೇ ಅಪಾಯ. 'ಕೊಡಿಲ್ಲಿ' ಅಂತ ಟ್ಯಾಬ್ ಕಿತ್ತುಕೊಂಡು ಅವರ ಚಿತ್ರದ ಮೇಲೇ ಗೀಚುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಕೇಳಿ. ಒಪ್ಪಿದರೆ ಹೊಸ ಲೇಯರ್ ತೆಗೆದು ಅದರಲ್ಲಿ ತೋರಿಸಿ. ಲೇಯರಿನ ಪಕ್ಕದ ಕಣ್ಣಿನ ಗುರುತು ಒತ್ತಿದರೆ ನಿಮ್ಮ ಗೆರೆ ಕಾಣಿಸುತ್ತದೆ, ಇನ್ನೊಮ್ಮೆ ಒತ್ತಿದರೆ ಮಾಯ. ಅವರದು ಅವರದಾಗೇ ಉಳಿಯುತ್ತದೆ. ಬೇಡ ಅನಿಸಿದರೆ ಆ ಲೇಯರನ್ನು ಅಳಿಸಲಿ, ನೀವು ಬೇಜಾರು ಮಾಡಿಕೊಳ್ಳಬಾರದು. ಐಬಿಸ್‌ಪೇಂಟ್, ಪ್ರೊಕ್ರಿಯೇಟ್‌ನಂಥ ಆ್ಯಪ್‌ಗಳಲ್ಲಿ ಚಿತ್ರ ಬೆಳೆದು ಬಂದ ವಿಡಿಯೋ ತಾನಾಗೇ ಉಳಿಯುವ ಸೌಲಭ್ಯ ಇದೆ. ಸಾಧ್ಯವಾದರೆ ಅದನ್ನು ಕೇಳಿ ನೋಡಿ. ಒಂದು ಚಿತ್ರ ಯಾಕೋ ಬಿಗಿಯಾಗಿದೆ ಅನಿಸಿದ್ದರೆ ಕಾರಣ ಅಲ್ಲಿ ಸಿಗುತ್ತದೆ. ಎಷ್ಟೋ ಸಲ ಶುರುವಿನಿಂದಲೇ ಝೂಮ್ ಮಾಡಿಕೊಂಡು ಒಂದೊಂದೇ ಎಲೆ ಬರೆದಿರುತ್ತಾರೆ. ಇಡೀ ಮರವನ್ನು ಒಮ್ಮೆಯೂ ದೂರದಿಂದ ನೋಡಿರುವುದಿಲ್ಲ.

ಈಗ ಇನ್ನೊಂದು ಕಡೆಗೆ ಬರೋಣ. ಹೇಳಿಸಿಕೊಳ್ಳುವುದು. ಇದು ಹೇಳುವುದಕ್ಕಿಂತ ಕಷ್ಟ.

ನಮ್ಮ ಕೂಟದಲ್ಲಿ ಬ್ಯಾಂಕ್ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿ ಹತ್ತಿರ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶ ಇದೆಯಲ್ಲ, ಅಲ್ಲಿಗೆ ಹೋಗಿ ಬಂದು ಒಂದು ಚಿತ್ರ ಮಾಡಿದರು. ಒಣ ಹುಲ್ಲು, ಅದರ ನಡುವೆ 12 ಕೃಷ್ಣಮೃಗ. ಹನ್ನೆರಡಕ್ಕೂ ತಿರುಚಿದ ಉದ್ದ ಕೊಂಬು. ಒಂದನ್ನು ಚೆನ್ನಾಗಿ ಬರೆದು, ಅದನ್ನೇ ಕಾಪಿ ಮಾಡಿ ಮಾಡಿ ಇಟ್ಟಿದ್ದರು. ಹುಡುಗನೊಬ್ಬ, 'ಹೆಣ್ಣಿಗೆ ಕೊಂಬು ಇರಲ್ಲ ಅಂಕಲ್' ಅಂದ. ಅವರಿಗೆ ಸಿಟ್ಟು ಬಂತು. 'ಇದು ಫೋಟೋ ಅಲ್ಲಪ್ಪ, ನನ್ನ ಕಲ್ಪನೆ' ಅಂದರು. ಟ್ಯಾಬ್ ಮುಚ್ಚಿಟ್ಟರು.

ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಹತ್ತು ದಿನದ ಕೆಲಸ. ಎಳೆಯ ಹುಡುಗ, ಎಲ್ಲರೆದುರು, ಒಂದೇ ಸಾಲಿನಲ್ಲಿ ಹೇಳಿಬಿಟ್ಟ. ಆದರೆ ಹುಡುಗ ಹೇಳಿದ್ದು ಚಿತ್ರದ ಬಗ್ಗೆ, ಅವರ ಬಗ್ಗೆ ಅಲ್ಲ. ಕಲ್ಪನೆ ಅನ್ನುವುದೂ ಸರಿಯೇ. ಕಲ್ಪನೆಯ ಜಿಂಕೆಗೆ ರೆಕ್ಕೆ ಬೇಕಾದರೂ ಇರಲಿ. ಆದರೆ ಅವರು ಚಿತ್ರಕ್ಕೆ 'ಮೈದೇನಹಳ್ಳಿಯ ಹಿಂಡು' ಅಂತ ಹೆಸರಿಟ್ಟಿದ್ದರು. ಊರಿನ ಹೆಸರು ಇಟ್ಟ ಮೇಲೆ ಆ ಊರಿಗೂ ಒಂದು ಮಾತು ಹೇಳುವ ಹಕ್ಕು ಬರುತ್ತದೆ, ಅಲ್ವಾ? ನನ್ನ ಅಭಿಪ್ರಾಯ ಇದು. ಒಪ್ಪದವರು ಇಲ್ಲೇ ಇದ್ದಾರೆ, ಇರಲಿ.

ಎರಡು ವಾರ ಅವರು ಬರಲಿಲ್ಲ. ನನಗೆ ಕಳವಳವಾಗಿತ್ತು. ಮೂರನೇ ವಾರ ಬಂದರು. ಸುಮ್ನೆ ಟ್ಯಾಬ್ ನನ್ನ ಮುಂದೆ ಇಟ್ಟರು. ಒಂಬತ್ತು ಪ್ರಾಣಿಗಳ ಕೊಂಬು ತೆಗೆದಿದ್ದರು. ಮೈ ಬಣ್ಣವನ್ನು ತಿಳಿ ಕಂದು ಮಾಡಿದ್ದರು. ಒಂದು ಹುಲ್ಲಿಗೆ ಬಾಯಿ ಹಾಕಿದೆ, ಇನ್ನೊಂದು ಕಿವಿ ನಿಮಿರಿಸಿದೆ. ಉಳಿದ ಮೂರು ಗಂಡು, ಕಡು ಮೈ, ಬಿಳಿ ಹೊಟ್ಟೆ, ಕಣ್ಣ ಸುತ್ತ ಬಿಳಿ ಉಂಗುರ. ಮೊದಲು ಹನ್ನೆರಡೂ ಒಂದೇ ಸಮ ಇದ್ದಾಗ ಕಣ್ಣು ಎಲ್ಲೂ ನಿಲ್ಲುತ್ತಿರಲಿಲ್ಲ. ಈಗ ಆ ಮೂರರ ಮೇಲೆ ಹೋಗಿ ನಿಲ್ಲುತ್ತಿತ್ತು. ಅವರು ಆ ಹುಡುಗನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದರು.

ಎರಡು ವಾರ ಬೇಕಾಯಿತು ನೋಡಿ. ಇದು ಮುಖ್ಯ. ಯಾರಾದರೂ ನಿಮ್ಮ ಚಿತ್ರದ ಬಗ್ಗೆ ಏನಾದರೂ ಹೇಳಿದರೆ ಅಲ್ಲೇ ಉತ್ತರ ಕೊಡಲೇಬೇಕು ಅಂತೇನಿಲ್ಲ. ಬರೆದುಕೊಳ್ಳಿ, 'ಯೋಚನೆ ಮಾಡ್ತೀನಿ' ಅನ್ನಿ. ಮನಸ್ಸು ಕುದಿಯುವಾಗ ಕೇಳಿದ ಮಾತು ತಣ್ಣಗಾದ ಮೇಲೆ ಬೇರೆ ಥರ ಕೇಳಿಸುತ್ತದೆ. ಎಲ್ಲರ ಮಾತನ್ನೂ ಪಾಲಿಸಬೇಕು ಅಂತಲೂ ಇಲ್ಲ. ಆ ಕೆರೆಯ ಹುಡುಗಿಗೆ ಒಬ್ಬರು, ಮುರಿದ ಗರಿ ತೆಗಿ, ಅಪಶಕುನದ ಹಾಗಿದೆ ಅಂದಿದ್ದರು. ಅವಳು ತೆಗೆಯಲಿಲ್ಲ. ನನಗೆ ಆ ಚಿತ್ರದಲ್ಲಿ ಇವತ್ತಿಗೂ ಅದೇ ಬಹಳ ಇಷ್ಟ.

ತೋರಿಸುವಾಗಲೂ ಒಂದು ಜಾಣತನ ಬೇಕು. 'ಹೆಂಗಿದೆ?' ಅಂತ ಕೇಳಿದರೆ 'ಸೂಪರ್' ಅಂತಲೇ ಬರುತ್ತದೆ. 'ಬೆಟ್ಟ ದೂರ ಇದೆ ಅನ್ಸುತ್ತಾ?' ಅಂತ ಕೇಳಿ ನೋಡಿ. ಮನೆಯವರೂ ಕನ್ನಡಕ ಹಾಕಿಕೊಂಡು ನೋಡುತ್ತಾರೆ. ಲಿಜ್ ಲರ್ಮನ್ ಅಂತ ಅಮೆರಿಕದ ನೃತ್ಯ ಸಂಯೋಜಕಿ ಒಬ್ಬರಿದ್ದಾರೆ. 1990ರ ಹೊತ್ತಿಗೆ ಅವರು ಕಲಾವಿದರಿಗಾಗಿ ಇಂಥದ್ದೇ ಒಂದು ಕ್ರಮ ಮಾಡಿದರು. ಮೊದಲು ನೋಡಿದವರು ತಮಗೆ ಏನು ತಟ್ಟಿತು ಅಂತ ಹೇಳಬೇಕು. ಆಮೇಲೆ ಕಲಾವಿದರೇ ಪ್ರಶ್ನೆ ಕೇಳಬೇಕು. ಆಮೇಲೆ ನೋಡಿದವರು ಕೇಳಬಹುದು, ಆದರೆ ಪ್ರಶ್ನೆಯೊಳಗೆ ತೀರ್ಪು ಬಚ್ಚಿಟ್ಟಿರಬಾರದು. 'ಯಾಕೆ ಇಷ್ಟು ಕಪ್ಪು ಹಾಕಿದೆ?' ಅನ್ನುವುದು ತೀರ್ಪು. 'ಇದು ಯಾವ ಹೊತ್ತು?' ಅನ್ನುವುದು ಪ್ರಶ್ನೆ. ಅಭಿಪ್ರಾಯ ಬರುವುದು ಎಲ್ಲಕ್ಕಿಂತ ಕೊನೆಗೆ, ಅದೂ ಅನುಮತಿ ಕೇಳಿ. ನಮ್ಮಲ್ಲೂ 'ಒಂದ್ ಮಾತ್ ಹೇಳ್ಲಾ, ಬೇಜಾರ್ ಮಾಡ್ಕೋಬೇಡಿ' ಅನ್ನುವ ರೂಢಿ ಇದೆ. ಒಳ್ಳೆಯ ರೂಢಿ. ಆದರೆ ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕು. 'ಇವತ್ತು ಬೇಡ' ಅಂದರೆ ಬಿಡಬೇಕು.

ಕೊನೆಯದಾಗಿ ಒಂದು ಆಸೆ. ಹೊಸದಾಗಿ ಕಲಿಯುವ ಹತ್ತು ಜನರಲ್ಲಿ ಆರೇಳು ಜನ ನನಗೆ ಮೊದಲು ತೋರಿಸುವುದು ಹಿಮದ ಬೆಟ್ಟ, ಪೈನ್ ಮರ. ವಿಡಿಯೋ ನೋಡಿ ಕಲಿತಿರುತ್ತಾರೆ, ತಪ್ಪಿಲ್ಲ. ಕೈ ಪಳಗುತ್ತದೆ. ಆದರೆ ಅಂಥ ಚಿತ್ರಕ್ಕೆ ನಾನು ಏನು ಹೇಳಲಿ? ನೀವೂ ಆ ಮರ ನೋಡಿಲ್ಲ, ನಾನೂ ನೋಡಿಲ್ಲ. ಹೋಗಿ ನೋಡೋಣ ಅನ್ನುವುದಕ್ಕೂ ಆಗುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಚಿತ್ರಕ್ಕೆ ಬರಬಾರದು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಮಧುಗಿರಿಯ ಏಕಶಿಲಾ ಬೆಟ್ಟದ ಮೇಲೆ ಮಳೆನೀರು ಇಳಿದ ಕಪ್ಪು ಪಟ್ಟೆಗಳಿವೆ. ಇವನ್ನು ಬರೆಯಿರಿ. ತಪ್ಪಾದರೆ ಬಸ್ಸು ಹತ್ತಿ ಹೋಗಿ ನೋಡಿ ಬರೋಣ.

ಮಾತು ಇಲ್ಲಿಗೆ ನಿಲ್ಲಿಸಿದೆ. ಆಮೇಲೆ ನಡೆದದ್ದು ಹೀಗೆ.

ತಾಯಿಯೊಬ್ಬರು ಎದ್ದು, 'ನನ್ನ ಮಗಳು ಏಳನೇ ಕ್ಲಾಸು. ದಿನಾ ಒಂದು ಚಿತ್ರ ತಂದು ತೋರಿಸ್ತಾಳೆ. ನನಗೆ ಚಿತ್ರದ ಬಗ್ಗೆ ಏನೂ ಗೊತ್ತಿಲ್ಲ ಸರ್, ಏನಂತ ಹೇಳಲಿ?' ಅಂತ ಕೇಳಿದರು. 'ಇದರಲ್ಲಿ ಯಾವುದನ್ನ ಬರೆಯುವಾಗ ನಿನಗೆ ತುಂಬ ಖುಷಿಯಾಯ್ತು ಅಂತ ಕೇಳಿಯಮ್ಮ. ಅವಳು ತೋರಿಸಿದ ಜಾಗವನ್ನ ಒಂದು ನಿಮಿಷ ನೋಡಿ' ಅಂದೆ. ಅವರು ತಲೆಯಾಡಿಸಿ ಕೂತರು.

ಹಿಂದಿನ ಸಾಲಿನಿಂದ ಪಿಯುಸಿ ಓದುವ ಹುಡುಗನೊಬ್ಬ ಎದ್ದ. ತನ್ನ ಮೊಬೈಲಿನ ಚಿತ್ರವನ್ನು ಪ್ರೊಜೆಕ್ಟರಿಗೆ ಹಾಕಬಹುದಾ ಅಂದ. ಹಾಕಿದೆವು. ಕಟಾವಿಗೆ ಬಂದ ಹೊಲ, ಮೇಲೆ ಮೋಡ. ಪ್ರೊಜೆಕ್ಟರಿನಲ್ಲಿ ಬಣ್ಣ ಪೇಲವವಾಗಿತ್ತು. ಅದಕ್ಕೇ ಮೊಬೈಲನ್ನೂ ಕೈಯಿಂದ ಕೈಗೆ ದಾಟಿಸಿದೆವು. 'ನಿನ್ನ ಪ್ರಶ್ನೆ ಏನು?' ಅಂತ ಕೇಳಿದೆ. ಸ್ವಲ್ಪ ಯೋಚಿಸಿ, 'ಇದು ರಾಗಿ ಹೊಲ ಅಂತ ಗೊತ್ತಾಗುತ್ತಾ?' ಅಂದ.

ಒಬ್ಬರು ಮೋಡ ಮೊದಲು ಕಂಡಿತು ಅಂದರು. ಇನ್ನೊಬ್ಬರಿಗೆ ಹೊಲದ ಬದುವಿನಲ್ಲಿ ನಡೆದು ಹೋದ ಹಾಗೆ ಅನಿಸಿತಂತೆ. ಮೂರನೇ ಸಾಲಿನಲ್ಲಿ ಮೊಮ್ಮಗಳ ಜೊತೆ ಬಂದಿದ್ದ ಅಜ್ಜಿಯ ಕೈಗೆ ಮೊಬೈಲು ಹೋಯಿತು. ಅವರು ಅದನ್ನು ಕಣ್ಣ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

'ಹೊಲ ಚೆಂದಾಗೈತೆ ಕಣಪ್ಪ. ಆದ್ರೆ ತೆನೆ ಸಜ್ಜೆ ತೆನೆ ಇದ್ದಂಗೈತೆ. ಉದ್ದಕೆ ಒಂದೇ ಕಡ್ಡಿ. ರಾಗಿ ತೆನೆ ಹಿಂಗಿರ್ತದೆ ನೋಡು.' ಬಲಗೈ ಎತ್ತಿ ಬೆರಳುಗಳನ್ನು ಒಳಕ್ಕೆ ಅರ್ಧ ಮಡಚಿದರು. 'ಕೆಲವು ಹಿಂಗೆ ಬಿಚ್ಕೊಂಡಿರ್ತವೆ. ಕೆಲವು ಪೂರಾ ಮುಷ್ಟಿ.'

ಹುಡುಗ ಹತ್ತಿರ ಬಂದ. ಆ್ಯಪಿನಲ್ಲಿ ಸಿಕ್ಕ ತೆನೆಯ ಬ್ರಷ್ ಒತ್ತುತ್ತಾ ಹೋಗಿದ್ದೆ, ಅದು ಯಾವ ತೆನೆ ಅಂತ ನೋಡಿರಲಿಲ್ಲ ಅಂದ. ಅಜ್ಜಿಯಿಂದ ಮೊಬೈಲು ತೆಗೆದುಕೊಂಡು ಅವರ ಮುಂದೆ ನೆಲದ ಮೇಲೆ ಕೂತ. ಹೊಸ ಲೇಯರ್ ತೆಗೆದ.

'ಅಜ್ಜಿ, ಇನ್ನೊಂದ್ಸಲ ಕೈ ಹಂಗೇ ಇಟ್ಕೊಳ್ಳಿ' ಅಂದ.

ಅಜ್ಜಿ ಮೊಣಕೈಯನ್ನು ಮುಂದಿನ ಕುರ್ಚಿಯ ಬೆನ್ನಿಗೆ ಊರಿ, ಬೆರಳು ಮಡಚಿ, ಅಲ್ಲಾಡದೆ ಹಿಡಿದುಕೊಂಡರು.